ಮೇಲಿನಿಂದ ಮೂರು, ಕೆಳಗಿನಿಂದ ಎರಡು

ಜನವರಿ 12, ಭಾನುವಾರ

ಮೇಲಿನ ಮನೆಯ ಯಜಮಾನರಿಗೆ,

ನಾನು ನಿಮ್ಮ ಕೆಳಗಿನ ಮನೆಯವಳು, ಮೂರನೇ ಮಹಡಿಯ ಟೈಲರ್. ನಮಸ್ಕಾರ. ನಮಸ್ಕಾರ ಮುಗಿಯಿತು, ಇನ್ನು ವಿಷಯಕ್ಕೆ ಬರುತ್ತೇನೆ.

ಇವತ್ತು ಬೆಳಿಗ್ಗೆ ನೀವು ಬಾಲ್ಕನಿ ತೊಳೆದಿರಿ. ತೊಳೆಯಿರಿ, ಯಾರು ಬೇಡ ಅಂದರು? ಆದರೆ ಬಕೆಟ್ಟುಗಟ್ಟಲೆ ನೀರು ಹೊಯ್ದು, ಕುಂಡದ ಮಣ್ಣು, ಒಣಗಿದ ಎಲೆ, ಪಾರಿವಾಳದ ಹಿಕ್ಕೆ ಸಮೇತ ತೂತಿನಿಂದ ಕೆಳಗೆ ಬಿಟ್ಟಿರಲ್ಲ, ಅದು ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ಬಗ್ಗಿ ನೋಡಿದಿರಾ? ನನ್ನ ಹಗ್ಗದ ಮೇಲೆ ಬ್ಯಾಂಡಿನವರ ಬಿಳಿ ಕೋಟುಗಳಿದ್ದವು. ಸೊಂಟ ಬಿಗಿ ಮಾಡಿ, ಸೀಮೆಸುಣ್ಣದ ಗುರುತು ಹೋಗಲೆಂದು ಒಗೆದು ಹಾಕಿದ್ದೆ. ಈಗ ಅವನ್ನು ತೊಟ್ಟರೆ ಬ್ಯಾಂಡಿನವರು ಕೆಸರುಗದ್ದೆಯಿಂದ ಎದ್ದು ಬಂದು ಕಹಳೆ ಊದಿದ ಹಾಗಿರುತ್ತದೆ.

ಗಂಟಲು ಹರಿಯುವ ಹಾಗೆ ಕೂಗಿದೆ, "ಸಾರ್, ನೀರು ನಿಲ್ಸಿ!" ಅಂತ. ನೀವು ಬಗ್ಗಿ ನನ್ನ ಮುಖ ನೋಡಿದಿರಿ. ರಾಜರು ದೂರು ತಂದವರನ್ನು ಓಡಿಸುವ ಹಾಗೆ ಕೈ ಬೀಸಿದಿರಿ. ಒಳಗೆ ಹೋದಿರಿ. ಬಾಯಲ್ಲಿ ಒಂದು ಮಾತಿಲ್ಲ! ದೊಡ್ಡ ನಾಟಕದವರು ನೀವು, ಸಾವಿರ ಜನರ ಮುಂದೆ ಮಾತಾಡಿದವರು. ಕೆಳಗಿನ ಮನೆಯವಳಿಗೆ "ತಪ್ಪಾಯ್ತು" ಅನ್ನೋದು ಅಷ್ಟು ಭಾರವಾಯಿತೇ?

ನಿಮ್ಮ ಮನೆಯವರು ಇದ್ದಾಗ ಹೀಗಿರಲಿಲ್ಲ. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಅಕ್ಕ ಇರುವತನಕ ನನ್ನ ಬಟ್ಟೆಯ ಮೇಲೆ ಒಂದು ಹನಿ ಬಿದ್ದಿಲ್ಲ.

ಇಂತಿ,
ಮೂರನೇ ಮಹಡಿ


ಜನವರಿ 13

ಮೂರನೇ ಮಹಡಿಯ ಮಹಾತಾಯಿಗೆ,

ನಾಲ್ಕನೇ ಮಹಡಿಯ ಅಪರಾಧಿಯ ಸಾಷ್ಟಾಂಗ!

ಪತ್ರ ಬಂತು. ಓದಿದೆ. ಎದ್ದು ನಿಂತು ಇನ್ನೊಮ್ಮೆ ಓದಿದೆ. ಆಹಾ, ಏನು ಏಟು! ಕೆಸರುಗದ್ದೆಯಿಂದ ಎದ್ದು ಬಂದು ಕಹಳೆ ಊದುವ ಬ್ಯಾಂಡು! ನಮ್ಮ ಕಂಪನಿಗೆ ಮಾತು ಬರೆದುಕೊಡುತ್ತಿದ್ದ ಪುಣ್ಯಾತ್ಮನಿಗೆ ಇಂಥದ್ದೊಂದು ಸಾಲು ಹೊಳೆದಿದ್ದರೆ ಕೊನೆಯ ಬೆಂಚಿನವನೂ ಎದ್ದು ಶಿಳ್ಳೆ ಹೊಡೆಯುತ್ತಿದ್ದ.

ಆದರೆ ತಾಯೀ, ನಾನು ಬೀಸಿದ ಕೈಯ ಅರ್ಥ "ತೊಲಗು" ಎಂದಲ್ಲ. "ತಾಳಿ, ತಪ್ಪಾಯಿತು, ಈಗಲೇ ನಿಲ್ಲಿಸಿದೆ" ಎಂದು. ಜೀವಮಾನವೆಲ್ಲ ರಾಜನ ಪಾರ್ಟು ಮಾಡಿದ ಕೈ. ನೀರು ಕೊಡಿ ಎಂದು ಸನ್ನೆ ಮಾಡಿದರೂ ದರ್ಬಾರು ಮುಗಿಸಿದ ಹಾಗೆ ಕಾಣುತ್ತದೆ. ಏನು ಮಾಡಲಿ!

ಇನ್ನು ಬಾಯಿ. ಕೇಳಿ. ಹೋದ ಬೇಸಿಗೆಯಲ್ಲಿ ಅವಳು ಹೋದಳು, ನಿಮಗೆ ಗೊತ್ತು, ನೀವೂ ಬಂದು ಬಾಗಿಲಲ್ಲಿ ನಿಂತಿದ್ದಿರಿ. ಈ ಚಳಿಗಾಲದಲ್ಲಿ ಗಂಟಲು ಹೋಯಿತು. ನಾನು ಕಂಪನಿಯ ಜೊತೆ ಊರೂರು ತಿರುಗುತ್ತಿದ್ದೇನೆ ಎಂದು ನೀವೆಲ್ಲ ಅಂದುಕೊಂಡಿರಿ. ನಾನು ಆಸ್ಪತ್ರೆಯ ಮಂಚದ ಮೇಲಿದ್ದೆ. ಹುಣ್ಣು ಎಂದರು, ಕೆಟ್ಟದ್ದು ಎಂದರು, ಬುಡಸಮೇತ ಕಿತ್ತರು. ಮೈಕಿಲ್ಲದೆ ಇಡೀ ಥಿಯೇಟರು ತುಂಬಿ, ಹೊರಗೆ ಗಾಡಿಯ ಕೆಳಗೆ ಮಲಗಿದ ನಾಯಿಗಳನ್ನೆಲ್ಲ ಎಬ್ಬಿಸುತ್ತಿದ್ದ ಆ ಗಂಟಲು! ಈಗ ಅಲ್ಲೊಂದು ತೂತಿದೆ. ಅದರ ಮೇಲೆ ಒಂದು ಕರವಸ್ತ್ರವಿದೆ. ನಾಯಿ ಬಂದರೆ "ಹಚಾ" ಎನ್ನಲೂ ಬರುವುದಿಲ್ಲ.

ಅವಳ ಬಾಲ್ಕನಿ ಅವಳಿದ್ದಾಗಿನ ಹಾಗೇ ಫಳಫಳ ಇರಲಿ ಎಂದು ತೊಳೆಯಲು ಹೊರಟೆ. ರಂಗದ ಹಲಗೆ ತೊಳೆದು ಗೊತ್ತು, ಬಾಲ್ಕನಿ ತೊಳೆದು ಗೊತ್ತಿಲ್ಲ. ನೀರು ಹೋಗುವ ತೂತಿಗೆ ಏನೋ ತುರುಕಿಕೊಂಡಿತ್ತು. ಕಡ್ಡಿ ಹಾಕಿ ಕಿತ್ತೆ. ಬಿಟ್ಟೆ ಪ್ರಳಯ!

ಕೋಟುಗಳನ್ನು ಕಳಿಸಿಕೊಡಿ, ನಾನೇ ಒಗೆಯುತ್ತೇನೆ. ಈ ಕಾಗದ ಒಯ್ಯಬೇಕು ಎಂದು ಮೊದಲೇ ಸನ್ನೆ ಮಾಡಿದರೆ ನಮ್ಮ ವಾಚ್‌ಮನ್ ಏನೆಂದ ಗೊತ್ತೇ? "ಏನ್ ಸಾರ್, ಒಂದೇ ಒಂದ್ ಮಹಡಿಗೆ ನನ್ನ ಪೋಸ್ಟ್‌ಮನ್ ಮಾಡಿಬಿಟ್ರಲ್ಲ! ಇಳಿದುಹೋಗಿ ಕೊಡಬಾರ್ದಾ?" ಬಣ್ಣ ಹಚ್ಚದೆ ಜನರೆದುರು ಬಂದು ಅಭ್ಯಾಸವಿಲ್ಲ ಎಂದು ಅವನಿಗೆ ಹೇಗೆ ಹೇಳಲಿ? ಹೇಳಲು ಬಾಯೇ ಇಲ್ಲವಲ್ಲ.

ಇಂತಿ,
ನಿಮ್ಮ ತಲೆಯ ಮೇಲಿರುವ ಮಾಜಿ ಮಹಾರಾಜ


ಜನವರಿ 16

ಯಜಮಾನರಿಗೆ,

ನನಗೆ ಗೊತ್ತಿರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ನನಗೆ ಬರುವುದು ಹೊಲಿಗೆ.

ಕೋಟುಗಳನ್ನು ಒಗೆದಾಯಿತು. ನಿಮ್ಮ ಕೈಗೆ ಕೊಟ್ಟು ಅವು ರಾಜರ ಅಂಗಿಯಾಗಿ ವಾಪಸು ಬರುವುದು ಬೇಡ.

ಬಾಲ್ಕನಿಗೆ ನೀರು ಹೊಯ್ಯುವುದೇ ಬೇಕಿಲ್ಲ. ಮೊದಲು ಒಣ ಪೊರಕೆಯಲ್ಲಿ ಗುಡಿಸಿ, ಮಣ್ಣನ್ನು ಮೊರಕ್ಕೆ ಎತ್ತಿ. ಆಮೇಲೆ ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿ. ಕುಂಡಗಳ ಕೆಳಗೆ ತಟ್ಟೆ ಇಡಿ, ಇಲ್ಲದಿದ್ದರೆ ಗಿಡಕ್ಕೆ ಹಾಕಿದ್ದು ನನ್ನ ತಲೆಗೆ ಬರುತ್ತದೆ. ತೀರಾ ನೀರೇ ಬೇಕು ಅನ್ನಿಸಿದರೆ ಮೊದಲು ತಿಳಿಸಿ.

ಕೂಗಲು ಆಗದಿದ್ದರೆ ಏನಂತೆ? ಅಕ್ಕ ಯಾವತ್ತೂ ಕೂಗಿದವರಲ್ಲ. ಬಾಲ್ಕನಿಯ ಮೂಲೆಯಲ್ಲಿ ಮಳೆನೀರಿನ ಕಬ್ಬಿಣದ ಪೈಪು ಇದೆಯಲ್ಲ, ಟೆರೇಸಿನಿಂದ ನೆಲದವರೆಗೆ ಎಲ್ಲರ ಬಾಲ್ಕನಿಯನ್ನೂ ಮುಟ್ಟಿಕೊಂಡು ಇಳಿಯುತ್ತದೆ. ಅಕ್ಕ ಅದಕ್ಕೆ ಸೌಟಿನಿಂದ ಮೂರು ಸಲ ತಟ್ಟುತ್ತಿದ್ದರು. ಅಂದರೆ, "ಬಟ್ಟೆ ಎಳ್ಕೋ." ನಾನು ಎಳೆದುಕೊಂಡು ಕತ್ತರಿಯ ಹಿಡಿಯಿಂದ ಎರಡು ಸಲ ತಟ್ಟುತ್ತಿದ್ದೆ. ಅಂದರೆ, "ಎಳ್ಕೊಂಡೆ." ಆ ಎರಡು ಕೇಳಿಸದೆ ಅಕ್ಕ ನೀರು ಮುಟ್ಟುತ್ತಿರಲಿಲ್ಲ.

ನೀವೂ ಬೇಕಾದರೆ ತಟ್ಟಿ, ನಾನು ಬಟ್ಟೆ ತೆಗೆದುಕೊಳ್ಳುತ್ತೇನೆ. ಆದರೆ ತಿರುಗಿ ತಟ್ಟುತ್ತೇನೆ ಅಂತ ಕಾಯಬೇಡಿ. ಆ ಎರಡು ಅಕ್ಕನಿಗೆ ಕೊಡುತ್ತಿದ್ದ ಉತ್ತರ.

ಇಂತಿ,
ಮೂರನೇ ಮಹಡಿ


ಫೆಬ್ರವರಿ 9

ತಾಯೀ,

ಕೇಳಿಸಿತು! ಇವತ್ತು ಕೇಳಿಸಿತು!

ಮೊದಲಿಂದ ಹೇಳುತ್ತೇನೆ. ನಿಮ್ಮ ಕಾಗದ ಬಂದ ಮರುದಿನವೇ ಸೌಟು ಹಿಡಿದು ಯುದ್ಧಕ್ಕೆ ಇಳಿದೆ. ಪಾರ್ಟಿನ ಚಪಲ ನೋಡಿ, ಕೈಗೆ ಕತ್ತಿ ಬಂದ ಹಾಗೆ ಬೀಸಿ ಹೊಡೆದೆ. ಇಡೀ ಕಟ್ಟಡ ಗುಡುಗಿತು! ಐದನೇ ಮಹಡಿಯವರು ಬಗ್ಗಿ, "ಪ್ಲಂಬರ್ ಬಂದ್ನಾ? ಹೋಗೋಕ್ ಮುಂಚೆ ನಮ್ಮನೆಗೂ ಬಂದು ಹೋಗೋಕ್ ಹೇಳಿ!" ಎಂದರು. ಎದುರು ಕಟ್ಟಡದ ಮುದುಕ ಕಿಟಕಿ ಮುಚ್ಚಿಕೊಂಡ. ನಾನು ಸೌಟನ್ನು ಬೆನ್ನ ಹಿಂದೆ ಅಡಗಿಸಿ ನಿಂತೆ, ಕದ್ದು ಬೆಣ್ಣೆ ತಿಂದವನ ಹಾಗೆ.

ಆಮೇಲೆ ಮೆಲ್ಲಗೆ ತಟ್ಟುವುದನ್ನು ಕಲಿತೆ. ತಟ್ಟಿದೆ. ಕಾದೆ. ಉತ್ತರವಿಲ್ಲ. ನೀವು ಮೊದಲೇ ಹೇಳಿದ್ದಿರಿ, ಕಾಯಬೇಡಿ ಎಂದು. ಆದರೆ ಉತ್ತರ ಕೇಳಿಸದೆ ಅವಳು ನೀರು ಮುಟ್ಟುತ್ತಿರಲಿಲ್ಲ ಎಂದೂ ಬರೆದಿದ್ದಿರಿ. ಹಾಗಾಗಿ ನಾನೂ ಮುಟ್ಟಲಿಲ್ಲ. ಬಟ್ಟೆ ಹಿಂಡಿ ಮಂಡಿಯೂರಿ ಒರೆಸಿದೆ. ಮರುವಾರವೂ ತಟ್ಟಿದೆ, ಒರೆಸಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದುಕೊಂಡೆ. ಕ್ಷಮಿಸಿ, ಕೋಣ ಎಂದದ್ದು ಪೈಪಿಗೆ.

ಇವತ್ತು ತಟ್ಟಿ, ಬಟ್ಟೆ ಹಿಂಡುತ್ತಿದ್ದೆ. ಟಣ್. ಟಣ್.

ಎರಡು!

ತಾಯೀ, ಈ ಕಿವಿ ಚಪ್ಪಾಳೆಯ ಮಳೆಯನ್ನೇ ಕೇಳಿದೆ. ಕಾಸಿನ ಸುರಿಮಳೆ, "ಒನ್ಸ್ ಮೋರ್" ಎಂಬ ಗದ್ದಲ, ಎಲ್ಲ. ಈ ಎರಡಕ್ಕೆ ನಾನು ಒದ್ದೆ ನೆಲದ ಮೇಲೇ ಕುಳಿತುಬಿಟ್ಟೆ. ಗಂಟಲು ಹೋದಮೇಲೆ ನಾನು ಹೇಳಿದ್ದಕ್ಕೆ ಯಾರೋ ತಿರುಗಿ ಹೇಳಿದ್ದು ಇದೇ ಮೊದಲು. ಅಂಗಡಿಯವನು ನನ್ನ ಚೀಟಿ ಓದಿ ಸಾಮಾನು ಕೊಡುತ್ತಾನೆ, ಅಷ್ಟೇ. ನನಗೆ ಕಿವಿಯೂ ಕೇಳಿಸುವುದಿಲ್ಲ ಎಂದುಕೊಂಡಿದ್ದಾನೆ.

ಒಂದು ಬೇಡಿಕೆ. ನಾನು ಕಂಪನಿಯ ಹಿಂದೆ ಊರೂರು ಅಲೆದೆ. ವರ್ಷದಲ್ಲಿ ಈ ಮನೆಯಲ್ಲಿ ಇದ್ದದ್ದು ಮಳೆಗಾಲದ ಬಿಡುವಿನಲ್ಲಿ. ಅವಳ ಬೆಳಗುಗಳು ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿವೆ. ಅವಳು ಹೇಗೆ ತಟ್ಟುತ್ತಿದ್ದಳು? ಬೇಗ ಬೇಗನೋ, ಬಿಟ್ಟು ಬಿಟ್ಟೋ? ಸಿಟ್ಟಿದ್ದರೆ ತಿಳಿಯುತ್ತಿತ್ತೇ? ನಿಮ್ಮ ಹತ್ತಿರ ಇರುವುದನ್ನು ಕೊಡಿ. ನನ್ನ ಹತ್ತಿರ ಏನೂ ಇಲ್ಲ.

ಇಂತಿ,
ಸೌಟುಧಾರಿ


ಮಾರ್ಚ್ 8

ಭಾವನವರಿಗೆ,

ಅಕ್ಕನ ಗಂಡ ಅಂದಮೇಲೆ ಭಾವ ತಾನೇ. ಬೇರೆ ಏನೂ ತೋಚಲಿಲ್ಲ.

ತಡವಾಯಿತು. ಒಂದು ಶಾಲೆಯ ಸಮವಸ್ತ್ರ ಹೊಲಿಯಲು ಬಂತು, ತಲೆ ಎತ್ತಲು ಬಿಡುವಿರಲಿಲ್ಲ. ಸುಳ್ಳು ಯಾಕೆ, ಏನು ಬರೆಯಬೇಕು ಅಂತಲೂ ತಿಳಿಯಲಿಲ್ಲ.

ಅಕ್ಕನೂ ನಾನೂ ಕೂತು ಮಾತಾಡಿದವರಲ್ಲ. ಮೆಟ್ಟಿಲಲ್ಲಿ ಸಿಕ್ಕರೆ "ಊಟ ಆಯ್ತಾ?" "ಆಯ್ತು, ನಿಮ್ದು?" ಅಷ್ಟೇ. ನಾನು ಹೊಸದಾಗಿ ಬಂದಾಗ ನೀರು ಬಿದ್ದು ಒಮ್ಮೆ ಜಗಳವಾಗಿತ್ತು. ಜಗಳವೆಂದರೆ ನಾನು ಜಗಳವಾಡಿದೆ. ಅಕ್ಕ ಕೇಳಿಸಿಕೊಂಡರು. ಕೊನೆಗೆ, "ನಂಗೆ ಕೂಗೋಕ್ ಬರಲ್ಲ ಕಣಮ್ಮ. ಮನೇಲಿ ಕೂಗೋರು ಒಬ್ರಿದ್ದಾರೆ, ಅಷ್ಟು ಸಾಕು. ನಾನು ತಟ್ತೀನಿ," ಅಂದರು. ಅಲ್ಲಿಂದ ಶುರುವಾಯಿತು.

ಹೇಗೆ ತಟ್ಟುತ್ತಿದ್ದರು ಅಂತ ಕೇಳಿದಿರಿ. ಬಿಟ್ಟು ಬಿಟ್ಟು. ಒಂದು, ಆಮೇಲೆ ಸ್ವಲ್ಪ ಹೊತ್ತು, ಇನ್ನೊಂದು. ಮೂರನೆಯದು ತುಂಬ ಮೆಲ್ಲಗೆ, ಬೇಡವೇನೋ ಅನ್ನುವ ಹಾಗೆ. ನಾನು ಹೊಲಿಗೆ ಮಿಷನ್ ನಿಲ್ಲಿಸಿ ಆ ಮೂರನೆಯದಕ್ಕೆ ಕಾಯುತ್ತಿದ್ದೆ. ನನ್ನ ಮನೆಯಲ್ಲಿಯೂ ಮಾತಾಡುವುದು ಆ ಮಿಷನ್ ಒಂದೇ.

ಜ್ವರ ಬಂದು ಮಲಗಿದ್ದ ದಿನವೂ ನಾನು ಎದ್ದು ಹೋಗಿ ತಿರುಗಿ ತಟ್ಟಿದ್ದೆ. ಇಲ್ಲದಿದ್ದರೆ ಅಕ್ಕ ಕಾಯುತ್ತಾ ನಿಲ್ಲುತ್ತಾರಲ್ಲ ಅಂತ.

ನೀವು ಊರಿನಲ್ಲಿದ್ದ ದಿನಗಳಲ್ಲಿ ಮಾತ್ರ ತಟ್ಟುತ್ತಿರಲಿಲ್ಲ. ಪೈಪು ಸುಮ್ಮನಿದ್ದರೆ, ಓ, ಭಾವ ಬಂದಿದ್ದಾರೆ, ಅಂದುಕೊಳ್ಳುತ್ತಿದ್ದೆ.

ಇಂತಿ,
ಕೆಳಗಿನವಳು


ಮಾರ್ಚ್ 9

ತಂಗೀ,

ಭಾವ ಎಂದಿರಿ. ಎಲ್ಲ ಕಿರೀಟ ಹೊತ್ತಿದ್ದೇನೆ, ಈ ಪಾರ್ಟನ್ನು ಯಾವ ಕಂಪನಿಯೂ ನನಗೆ ಕೊಟ್ಟಿರಲಿಲ್ಲ. ಅವಳಿಗೆ ಒಡಹುಟ್ಟಿದವರಿರಲಿಲ್ಲ, ನಮಗೆ ಮಕ್ಕಳೂ ಆಗಲಿಲ್ಲ. ಇರಲಿ, ಕೊಟ್ಟ ಪಾರ್ಟನ್ನು ಬಿಡುವವನಲ್ಲ ನಾನು.

ನಾನಿದ್ದ ದಿನಗಳಲ್ಲಿ ತಟ್ಟುತ್ತಿರಲಿಲ್ಲ ಎಂದಿರಿ. ಆ ಸಾಲಿನ ಮೇಲೆ ಬೆರಳಿಟ್ಟು ಕುಳಿತಿದ್ದೆ. ಯಾಕೆ ತಟ್ಟುತ್ತಾಳೆ? ನಾನು ಮನೆಗೆ ಬಂದೆನೆಂದರೆ ಮಾತು ನನ್ನದೇ. ಯಾವ ಊರಲ್ಲಿ ಎಷ್ಟು ಜನ, ಯಾವ ದೃಶ್ಯಕ್ಕೆ ಎಷ್ಟು ಚಪ್ಪಾಳೆ. ಅವಳು ಬಾಯಿ ತೆರೆದರೆ ನನಗೆ ಮುಂದಿನದು ಗೊತ್ತಿದ್ದ ಹಾಗೆ ನಾನೇ ಮುಗಿಸುತ್ತಿದ್ದೆ. ರಂಗದ ಮೇಲೂ ಅದೇ ಚಾಳಿ. ಒಮ್ಮೆ ನಾಟಕ ನೋಡಲು ಬಂದವಳು, ಮುಗಿದ ಮೇಲೆ ನಕ್ಕು, "ಎದುರಿನವರ ಮಾತು ಮುಗಿಯೋಕ್ ಬಿಡ್ರೀ ಸ್ವಲ್ಪ, ಪಾಪ, ಅವರೂ ಬಾಯಿಪಾಠ ಮಾಡಿರ್ತಾರೆ," ಎಂದಳು. ನಾನೂ ನಕ್ಕೆ. ಎಷ್ಟು ಜೋರಾಗಿ ನಕ್ಕೆನೆಂದರೆ, ಅವಳು ಮುಂದೆ ಏನೋ ಹೇಳಿದ್ದು ಕೇಳಿಸಲೇ ಇಲ್ಲ.

ಈಗ ಒಂದು ವಿಚಿತ್ರ ಹೇಳುತ್ತೇನೆ. ಇವತ್ತು ಕುಂಡ ಸರಿಸಿ ಒರೆಸುವಾಗ, ಅದರ ಹಿಂದೆ ಅಂದು ತೂತಿನಿಂದ ಕಿತ್ತ ಆ ವಸ್ತು ಸಿಕ್ಕಿತು. ಕಸ ಎಂದುಕೊಂಡಿದ್ದೆ. ಕಸವಲ್ಲ, ತಂಗೀ. ಹಳೆಯ ಬಟ್ಟೆಯನ್ನು ಬಿಗಿಯಾಗಿ ಸುರುಳಿ ಸುತ್ತಿ, ದಾರ ಕಟ್ಟಿ, ತೂತಿನ ಅಳತೆಗೆ ಸರಿಯಾಗಿ ಮಾಡಿದ ಬಿರಡೆ. ಮೇಲೆ ಮೇಣ ಹಚ್ಚಿದ್ದಾಳೆ. ಬಿಸಿಲು ಮಳೆಗೆ ಕಲ್ಲಾಗಿದೆ. ನಿನ್ನೆ ಮೊನ್ನೆಯದಲ್ಲ, ವರ್ಷಗಳದ್ದು. ಒಳಗಿನ ಬಟ್ಟೆ ನನ್ನ ಹಳೆಯ ರಾಜನ ಅಂಗಿಯ ತೋಳು, ಜರಿಯಂಚು ಇನ್ನೂ ಇದೆ. ಆ ಅಂಗಿ ನಾನು ಬಿಟ್ಟು ಯಾವ ಕಾಲವಾಯಿತು!

ತೂತು ಮುಚ್ಚಿತ್ತು ಎಂದರೆ ನೀರು ಕೆಳಗೆ ಹೋಗುತ್ತಿರಲಿಲ್ಲ. ಹೋಗುತ್ತಿರಲಿಲ್ಲ ಎಂದರೆ ಅವಳು ನೀರು ಹೊಯ್ಯುತ್ತಲೇ ಇರಲಿಲ್ಲ, ನನ್ನ ಹಾಗೆ ಬಟ್ಟೆ ಹಿಂಡಿ ಒರೆಸುತ್ತಿದ್ದಳು.

ಮತ್ತೆ ಯಾಕೆ ತಟ್ಟುತ್ತಿದ್ದಳು?

ನಿಮಗೆ ನೆನಪಿದೆಯೇ? ಅವಳ ಕಾಲದಲ್ಲಿ ಕೊನೆಯ ಸಲ ನೀರು ಬಿದ್ದದ್ದು ಯಾವಾಗ?

ಇಂತಿ,
ನಿಮ್ಮ ಭಾವ


ಏಪ್ರಿಲ್ 20

ಭಾವನವರಿಗೆ,

ನಿಮ್ಮ ಪ್ರಶ್ನೆಗೆ ಉತ್ತರ ಕೊಡದೆ ಇಷ್ಟು ದಿನ ಭಾನುವಾರ ಭಾನುವಾರ ಬರೀ ತಟ್ಟುತ್ತಿದ್ದೆ. ನೀವೂ ಮತ್ತೆ ಕೇಳಲಿಲ್ಲ. ಈಗೀಗ ಮೊದಲಿನ ಹಾಗೆ ಬಡಿಯುವುದೂ ಇಲ್ಲ ನೀವು.

ಮೊದಲ ಕಾಗದದಲ್ಲಿ ಸಿಟ್ಟಿಗೆ ಬರೆದಿದ್ದೆ, ಒಂದು ಹನಿ ಬಿದ್ದಿಲ್ಲ ಅಂತ. ಆಮೇಲೆ ಕೂತು ಯೋಚಿಸಿದೆ. ಆ ಮೊದಲ ಜಗಳ ಬಿಟ್ಟರೆ ಅದು ನಿಜ. ಮೊದಲ ಒಂದೆರಡು ವರ್ಷ ತಟ್ಟಿದ ಮೇಲೆ ನೀರು ಬರುತ್ತಿತ್ತು. ಆಮೇಲೆ ಯಾವಾಗ ನಿಂತಿತೋ ಗೊತ್ತಿಲ್ಲ. ಮೂರು ಸದ್ದು ಬರುತ್ತಿತ್ತು, ನಾನು ಎರಡು ಕೊಡುತ್ತಿದ್ದೆ. ಮೇಲೆ ಪೊರಕೆಯ ಸದ್ದು. ಮುಗಿಯಿತು. ಇನ್ನೊಂದು ಮಾತು. ಆ ಬಟ್ಟೆ ಎಳೆದುಕೊಳ್ಳುವುದನ್ನೂ ನಾನು ಬಿಟ್ಟು ಬಹಳ ಕಾಲವಾಗಿತ್ತು. ಹಗ್ಗದ ಮೇಲೆ ಬಟ್ಟೆ ಹಾಗೇ ಇರುತ್ತಿತ್ತು. "ಎಳ್ಕೊಂಡೆ" ಅಂತ ಸುಳ್ಳೇ ತಟ್ಟುತ್ತಿದ್ದೆ.

ಅಕ್ಕ ಬಗ್ಗಿ ನೋಡಿರಬಹುದು, ಬಟ್ಟೆ ಅಲ್ಲೇ ಇರುವುದನ್ನು. ಆದರೂ ತಟ್ಟುವುದನ್ನು ಬಿಡಲಿಲ್ಲ.

ಯಾಕೆ ತಟ್ಟುತ್ತಿದ್ದರು ಅಂತ ನನ್ನನ್ನು ಕೇಳಬೇಡಿ. ನಾನು ಯಾಕೆ ತಿರುಗಿ ತಟ್ಟುತ್ತಿದ್ದೆನೋ ಅದಕ್ಕೇ ಇರಬೇಕು.

ಈಗ ಇನ್ನೊಂದು ವಿಷಯ. ಈ ಮನೆಯ ಓನರ್ ಮನೆ ಮಾರಿದ್ದಾರೆ. ತಿಂಗಳು ಮುಗಿಯುತ್ತಲೇ ಖಾಲಿ ಮಾಡಬೇಕು. ಬೇರೆ ಊರಿನಲ್ಲಿ ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಹತ್ತಿರವೇ ಒಂದು ಕೋಣೆಯೂ ಸಿಕ್ಕಿದೆ. ಪರದೆ ಅಂದರೆ ನಿಮ್ಮದಲ್ಲ, ಕಿಟಕಿಯದು.

ಹೋಗುವ ಮುಂಚೆ ಒಮ್ಮೆ ಮೇಲೆ ಬರುತ್ತೇನೆ. ನೀವು ಮಾತಾಡಬೇಕಾಗಿಲ್ಲ. ನನಗೂ ಅಷ್ಟೇನೂ ಬರುವುದಿಲ್ಲ. ಅಕ್ಕ ನಿಲ್ಲುತ್ತಿದ್ದ ಜಾಗ ನೋಡಿ ಹೋಗುತ್ತೇನೆ.

ಇಂತಿ,
ಕೆಳಗಿನವಳು


ಏಪ್ರಿಲ್ 30

ಭಾವನವರಿಗೆ,

ಬಂದಿದ್ದೆ. ಬೆಲ್ ಒತ್ತಿದೆ. ಇನ್ನೊಂದು ಸಲ ಒತ್ತಿದೆ. ಬಾಗಿಲ ಕೆಳಗಿನ ಸಂದಿಯಲ್ಲಿ ನಿಮ್ಮ ಕಾಲಿನ ನೆರಳು ಕಾಣುತ್ತಿತ್ತು. ನೀವೂ ಅಲ್ಲಿಯೇ ಅಷ್ಟು ಹೊತ್ತು ನಿಂತಿದ್ದಿರಿ, ನಾನೂ ನಿಂತಿದ್ದೆ.

ಇರಲಿ ಬಿಡಿ.

ಹಳೆಯ ಕತ್ತರಿಯನ್ನು ಬಾಗಿಲ ಹಿಡಿಗೆ ಚೀಲದಲ್ಲಿ ತೂಗುಹಾಕಿದ್ದೇನೆ. ಸಾಣೆ ಹಿಡಿದರೂ ಈಗ ಬಟ್ಟೆ ಕತ್ತರಿಸುವುದಿಲ್ಲ. ತಟ್ಟುವುದಕ್ಕೆ ಆಗುತ್ತದೆ. ಹೊಸ ವಿಳಾಸ ಚೀಲದ ಒಳಗಿದೆ.

ಇಂತಿ,
ನಿಮ್ಮ ನಾದಿನಿ ಅಂತಲೇ ಇಟ್ಟುಕೊಳ್ಳಿ


ಜುಲೈ 27, ಭಾನುವಾರ

ತಂಗೀ,

ಬಾಗಿಲಿನ ವಿಷಯ ಕೇಳಬೇಡಿ. ಅಂದು ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು, ಕುತ್ತಿಗೆಗೆ ಒಳ್ಳೆಯ ಕರವಸ್ತ್ರ ಕಟ್ಟಿ ಬೆಳಗಿನಿಂದ ತಯಾರಾಗಿ ನಿಂತಿದ್ದೆ. ಜನರೆದುರು ಕಾಲಿಡಲು ಎಂದೂ ನಡುಗದವನು. ಬೆಲ್ಲು ಹೊಡೆಯಿತು. ಪರದೆ ಏಳಲಿಲ್ಲ. ಅಷ್ಟೇ.

ಸಮಾಚಾರ ಕೇಳಿ. ನಿಮ್ಮ ಮನೆಗೆ ಹೊಸಬರು ಬಂದಿದ್ದಾರೆ, ಗಂಡ ಹೆಂಡತಿ. ಬಂದವರೇ ಬಾಲ್ಕನಿಗೆ ಆಳೆತ್ತರದ ಗಾಜು ಹಾಕಿಸಿದರು. ಮೇಲೆ, ಮುಂದೆ, ಪಕ್ಕಕ್ಕೆ, ಎಲ್ಲ ಕಡೆ. ನಿಮ್ಮ ಹಗ್ಗ ಕಟ್ಟುವ ಕೊಕ್ಕೆಗಳನ್ನು ಕಿತ್ತರು. ಪೈಪಿಗೂ ಹಲಗೆಯ ಹೊದಿಕೆ ಮಾಡಿಸಿದ್ದಾರೆ, ನೋಡಲು ಚೆನ್ನಾಗಿರುವುದಿಲ್ಲವಂತೆ. ನಾನು ಒಂದು ಭಾನುವಾರ ತಟ್ಟಿದೆ. ಮರುದಿನ ಮೆಟ್ಟಿಲಲ್ಲಿ ಆತ ಸಿಕ್ಕ. ಸಭ್ಯ ಮನುಷ್ಯ. ನನ್ನ ಕರವಸ್ತ್ರ ನೋಡಿ, ಕಿವುಡನೊಡನೆ ಮಾತಾಡುವ ಹಾಗೆ ಗಟ್ಟಿಯಾಗಿ ಅಂದ: "ಅಂಕಲ್! ವಾಚ್‌ಮನ್ ಎಲ್ಲಾ ಹೇಳಿದ್ರು! ನೀವು ತಟ್ಟೋದೇನೂ ಬೇಡ! ಎಷ್ಟ್ ಬೇಕಾದ್ರೂ ನೀರ್ ಹಾಕ್ಕೊಳ್ಳಿ, ಆರಾಮಾಗಿ ತೊಳ್ಕೊಳ್ಳಿ! ನಮಗೇನೂ ತೊಂದ್ರೆ ಇಲ್ಲ! ಒಂದ್ ಹನಿನೂ ಒಳಗ್ ಬರಲ್ಲ!"

ನಾನು ಕೈ ಮುಗಿದೆ. ಇನ್ನೇನು ಮಾಡಲಿ? ಬಿಡುಗಡೆ ಕೊಟ್ಟುಬಿಟ್ಟ ಪುಣ್ಯಾತ್ಮ. ನಾನೀಗ ಸಮುದ್ರವನ್ನೇ ತಂದು ಸುರಿದರೂ ಕೆಳಗೆ ಯಾರೂ ತಲೆ ಎತ್ತಿ ಬಯ್ಯುವುದಿಲ್ಲ. "ಸಾರ್, ನೀರು ನಿಲ್ಸಿ" ಎನ್ನುವವರಿಲ್ಲ. ಯಾರಿಗೂ ತೊಂದರೆ ಕೊಡಲಾರದ ಮನುಷ್ಯನಾಗಿಬಿಟ್ಟೆ, ತಂಗೀ.

ಬಿರಡೆಯನ್ನು ತೂತಿಗೆ ತಿರುಗಿ ಹಾಕಿದ್ದೇನೆ. ಸರಿಯಾಗಿ ಕೂತಿತು.

ಇವತ್ತು ಬೆಳಿಗ್ಗೆ ಗುಡಿಸಿದೆ. ಮಣ್ಣನ್ನು ಮೊರಕ್ಕೆ ಎತ್ತಿದೆ. ಬಟ್ಟೆ ಹಿಂಡಿ ಪಕ್ಕಕ್ಕಿಟ್ಟು, ಒಂದು ಕೈಯಲ್ಲಿ ಅವಳ ಸೌಟು, ಇನ್ನೊಂದರಲ್ಲಿ ನಿಮ್ಮ ಕತ್ತರಿ ಹಿಡಿದು ಪೈಪಿನ ಮುಂದೆ ನಿಂತೆ. ಬಡ ಕಂಪನಿಗಳಲ್ಲಿ ಇದು ಹೊಸದಲ್ಲ. ನಟ ಕೈಕೊಟ್ಟ ದಿನ ಒಬ್ಬನೇ ಎರಡು ಪಾರ್ಟು ಮಾಡಿಯೂ ನಾಟಕ ದಾಟಿಸಿದ್ದೇವೆ. ಕೆಳಗಿನವರಿಗೆ ಕೇಳಿಸದಷ್ಟು ಮೆಲ್ಲಗೆ ಸೌಟಿನಿಂದ ಒಂದು ತಟ್ಟಿದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮೂರನೆಯದು, ನೀವು ಬರೆದ ಹಾಗೆ, ಬೇಡವೇನೋ ಅನ್ನುವ ಹಾಗೆ.

ಕತ್ತರಿ ಎತ್ತಲಿಲ್ಲ. ಕಾದೆ. ಈ ಸಲ ಉತ್ತರ ನನ್ನ ಕೈಯಲ್ಲೇ ಇತ್ತು, ಆದರೂ ನಡುವೆ ಬಾಯಿ ಹಾಕಲಿಲ್ಲ. ಎದುರು ಕಟ್ಟಡದ ಗೋಡೆಯ ಮೇಲೆ ಬಿಸಿಲು ಒಂದು ಕಿಟಕಿಯಿಂದ ಮುಂದಿನ ಕಿಟಕಿಗೆ ಹೋಯಿತು. ಅಷ್ಟೂ ಹೊತ್ತು ಅವಳಿಗೆ ಬಿಟ್ಟುಕೊಟ್ಟೆ, ಏನಾದರೂ ಹೇಳುವುದಿದ್ದರೆ ಹೇಳಲಿ ಎಂದು.

ಆಮೇಲೆ ಕತ್ತರಿಯ ಹಿಡಿಯಿಂದ ನಿಮ್ಮ ಎರಡು ತಟ್ಟಿ, ನೆಲ ಒರೆಸಿದೆ.

ಇಂತಿ,
ನಿಮ್ಮ ಭಾವ